ಎರಡು ಕಂಬಳಿಗಳ ನಡುವೆ

ಹೊಳಲ್ಕೆರೆ
18 ಮಾರ್ಚ್ 2024

ರೀ,

ಇನ್‌ಲ್ಯಾಂಡ್ ಲೆಟರ್ ಬೇಕು ಎಂದಿದ್ದಕ್ಕೆ ಅಂಚೆ ಕಚೇರಿಯ ಹುಡುಗಿ ನನ್ನ ಮುಖವನ್ನೇ ನೋಡಿದಳು. “ಯಾರಿಗೆ ಮೇಡಂ, ಈ ಕಾಲದಾಗೆ?” ಎಂದಳು. “ನಮ್ಮ ಮನೆಯವರಿಗೆ” ಎಂದೆ. ನೀವು ಜೈಲಿನಲ್ಲಿದ್ದೀರಿ ಎಂದುಕೊಂಡಳೋ ಏನೋ, ಪಾಪ, ಮುಂದೆ ಏನೂ ಕೇಳದೆ ಹುಡುಕಿ ತಂದುಕೊಟ್ಟಳು.

ನೀವು ಹೋಗಿ ಇವತ್ತಿಗೆ ಹತ್ತು ದಿನ. ಮೊಬೈಲನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟು, ಬರಿಗಾಲಲ್ಲಿ ಬಸ್ ಸ್ಟ್ಯಾಂಡಿಗೆ ನಡೆದಿರಲ್ಲ, ಎದುರಿನ ಬೇಕರಿಯವರು ಓಡಿ ಬಂದರು. “ಏನಕ್ಕ, ಯಜಮಾನ್ರು ಜಗಳ ಆಡ್ಕಂಡ್ ಹೋದ್ರಾ?” ಎಂದರು. ಧರ್ಮಪುರದ ಕಡೆ ನಮ್ಮೂರಿನ ಬೀರಪ್ಪನ ಪೂಜೆಗೆ ಹೋದರು ಎಂದೆ. ಯಾವಾಗ ಬರುತ್ತಾರೆ ಎಂದರು. ಗಿರಾಕಿ ಬಂದರು ಎಂದು ಒಳಗೆ ಹೋದೆ.

ಬೀರಪ್ಪನಿಗೂ ತಮಾಷೆ ಮಾಡುವುದು ಗೊತ್ತು ಕಣ್ರೀ. ಇಪ್ಪತ್ತೆರಡು ವರ್ಷ ಹೊಳಲ್ಕೆರೆ ತಾಲ್ಲೂಕಿಗೆಲ್ಲ ಹಾಸಿಗೆ ಮಾಡಿಕೊಟ್ಟವರು ನೀವು. ಮದುವೆಯಾದ ಹೆಣ್ಣುಮಕ್ಕಳೆಲ್ಲ ನಮ್ಮ ಅಂಗಡಿಯ ಹಾಸಿಗೆಯನ್ನೇ ಹೊತ್ತುಕೊಂಡು ಗಂಡನ ಮನೆಗೆ ಹೋಗಿದ್ದಾರೆ. ಪೂಜಾರಿಯಾಗಿದ್ದ ಭಾವನವರು ತೀರಿಕೊಂಡ ಮೇಲೆ, ಹಾಸಿಗೆ ಮುಟ್ಟಬಾರದು ಎನ್ನುವ ಸ್ವಾಮಿಯ ಹೂವು ನಿಮ್ಮ ಹೆಸರು ಹೇಳಿದಾಗಲೇ ಬಲಕ್ಕೆ ಬೀಳಬೇಕಿತ್ತೆ? ಊರಲ್ಲಿ ನೆಲದ ಮೇಲೆ ಮಲಗುವವರು ಬೇರೆ ಯಾರೂ ಇರಲಿಲ್ಲವೆ?

“ಹೋಗ್ಲೇನೇ?” ಎಂದು ನೀವು ಕೇಳಿದಿರಿ. “ಹೋಗ್ರಿ” ಎಂದೆ. ಹೇಳಿದವಳು ನಾನೇ, ಇಲ್ಲ ಎನ್ನುವುದಿಲ್ಲ.

ಬೆನ್ನು ಹೇಗಿದೆ? ತೆಳ್ಳಗಾದರೂ ಒಂದು ಹಾಸಿಗೆ ಇರಲೇಬೇಕು, ಬರಿ ನೆಲ ಬೇಡ ಎಂದು ಡಾಕ್ಟರು ಹೇಳಿ ಇನ್ನೂ ಆರು ತಿಂಗಳಾಗಿಲ್ಲ. ನಿಜ ಬರೆಯಿರಿ. ಹೊಸದುರ್ಗದಿಂದ ಮಗಳು ದಿನಾ ಫೋನು ಮಾಡಿ ಕೇಳುತ್ತಾಳೆ.

ರೋಜಾ


ಬೀರಪ್ಪನ ಗುಡಿ, ಧರ್ಮಪುರ ಹೋಬಳಿ
6 ಏಪ್ರಿಲ್ 2024

ರೋಜಾ,

ನಿನ್ನ ಕಾಗದ ಬಂತು. ಮೊದಲನೆಯದಾಗಿ, ಬೆನ್ನಿಗೆ ಏನೂ ಆಗಿಲ್ಲ. ಮಗಳಿಗೂ ಹಾಗೆಯೇ ಹೇಳು.

ಇಲ್ಲಿಯ ದಿನಚರಿ ಬರೆಯುತ್ತೇನೆ. ಬೆಳಕು ಹರಿಯುವ ಮೊದಲು ಎದ್ದು ಬಾವಿಯ ನೀರು ಸೇದಿ ಸ್ನಾನ ಮಾಡಬೇಕು, ಅದೇ ನೀರಲ್ಲಿ ಸ್ವಾಮಿಗೆ ಮಜ್ಜನ ಆಗಬೇಕು. ಊಟ ಒಂದೇ ಹೊತ್ತು, ನಾನೇ ಬೇಯಿಸಿಕೊಂಡದ್ದು. ಮಂಚ, ಹಾಸಿಗೆ, ದಿಂಬು ಕೂಡದು, ಗುಡಿಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಮಲಗುವುದು. ಕಾಲಿಗೆ ಚಪ್ಪಲಿ ಇಲ್ಲ. ಊರಿನ ಗಡಿ ದಾಟಿ ಬೇರೆ ಸೂರಿನ ಕೆಳಗೆ ರಾತ್ರಿ ಕಳೆಯುವಂತಿಲ್ಲ. ಬರುವ ಶಿವರಾತ್ರಿಗೆ ವರ್ಷ ತುಂಬುತ್ತದೆ. ಅಲ್ಲಿಯ ತನಕ ನಾನು ಹೇಗೆ ನಡೆದುಕೊಳ್ಳುತ್ತೇನೆ ಎಂದು ಗುಡಿಕಟ್ಟಿನ ಹಿರಿಯರು ನೋಡುತ್ತಾರೆ. ಸರಿ ಅನ್ನಿಸಿದರೆ ಅಣ್ಣ ಹಿಡಿಯುತ್ತಿದ್ದ ಪೂಜಾರಿಕೆಯ ಬೆತ್ತವನ್ನು ಕೈಗೆ ಕೊಡುತ್ತಾರೆ. ಒಮ್ಮೆ ಬೆತ್ತ ಹಿಡಿದರೆ ಉಸಿರಿರುವ ತನಕ ಹೀಗೆಯೇ.

ಶೇಂಗಾ ಹೊಲದ ದಾರಿಯಲ್ಲಿ ಮುಳ್ಳು ತುಳಿದೂ ತುಳಿದೂ ಈಗ ಕಾಲಿಗೆ ರೂಢಿಯಾಗಿದೆ. ಹಿರಿಯರಾದ ಮುರುಗೇಶಪ್ಪನವರು ಮೊನ್ನೆ ಮುಳ್ಳು ತೆಗೆಯುತ್ತಾ, “ಏನಪ್ಪ, ಪ್ಯಾಟೆ ಕಾಲು, ಬೆಣ್ಣೆ ಇದ್ದಂಗೈತೆ” ಎಂದು ನಕ್ಕರು. ನಾನೂ ನಕ್ಕೆ.

ಒಂದು ಮಾತು ಹೇಳಬೇಕು. ಬೆಳಿಗ್ಗೆ ಸ್ವಾಮಿಯ ತಲೆಯ ಮೇಲೆ ನೀರು ಎರೆಯುವಾಗ ನನ್ನ ಮನಸ್ಸು ನಿಲ್ಲುತ್ತದೆ. ಅಂಗಡಿಯಲ್ಲಿ ಕೂತ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅದು ಹಾಗೆ ನಿಂತಿರಲಿಲ್ಲ. ಈ ವಯಸ್ಸಿನಲ್ಲಿ ಇದು ಸಿಕ್ಕೀತು ಎಂದು ನಾನು ಎಣಿಸಿರಲಿಲ್ಲ. ನೀನು ಅಷ್ಟು ಸಲೀಸಾಗಿ “ಹೋಗ್ರಿ” ಎಂದೆಯಲ್ಲ, ಅದೇ ನನಗೆ ಬಲ.

ಒಂದು ಸೋಮವಾರ ಬಂದು ಹೋಗು.

ಹಾಲಸ್ವಾಮಿ


ಹೊಳಲ್ಕೆರೆ
11 ಜೂನ್ 2024

ರೀ,

ಬೆನ್ನಿಗೆ ಏನೂ ಆಗಿಲ್ಲವಂತೆ! ಬರಗೇರಮ್ಮಕ್ಕ ಹೋದ ವಾರ ರಾಮಗಿರಿಯ ಮದುವೆ ಮುಗಿಸಿಕೊಂಡು ಇಲ್ಲಿಗೆ ಬಂದಿದ್ದರು. ತೀರಿಹೋದ ನಿಮ್ಮ ಅಣ್ಣನ ಹೆಂಡತಿ ಅವರು, ನಿಮ್ಮ ಹಾಗೆ ಸುಳ್ಳು ಹೇಳುವುದಿಲ್ಲ. “ಕಟ್ಟೆ ಇಳಿಯಾಕೆ ಗ್ವಾಡೆ ಹಿಡ್ಕಂತಾನೆ ಕಣೇ ರೋಜಾ. ಕೊಡ ಎತ್ತಾಗ ಹಲ್ಲು ಕಚ್ತಾನೆ. ಯಾಕಪ್ಪ ಅಂದ್ರೆ, ಏನಿಲ್ಲ ಅತ್ತಿಗೆ, ಕಾಲು ಜೋಮು ಹಿಡ್ದೈತೆ ಅಂತಾನೆ” ಎಂದರು.

ನಿಮಗೆ ನಾಚಿಕೆಯೋ, ಹಟವೋ? ನೋವಿದೆ ಎಂದು ಹೆಂಡತಿಗೆ ಬರೆದರೆ ಯಾವ ವ್ರತ ಕೆಡುತ್ತದೆ?

ಅಕ್ಕನ ಕೈಯಲ್ಲಿ ಒಂದು ಕಂಬಳಿ ಕಳಿಸಿದ್ದೇನೆ. ಕಂಬಳಿ ಕೂಡದು ಎಂದು ಸ್ವಾಮಿ ಹೇಳಿಲ್ಲವಲ್ಲ. ಎರಡು ಕಂಬಳಿ ಸೇರಿಸಿ ಒಂದೇ ಮಾಡಿ ಹೊಲಿದಿದ್ದೇನೆ, ಕಟ್ಟೆಯ ಕಲ್ಲು ತಣ್ಣಗಿರುತ್ತದೆ ಎಂದು. ಈ ಕೆಲಸಕ್ಕೆ ಅಕ್ಕನನ್ನು ಎರಡು ದಿನ ಹೆಚ್ಚಿಗೆ ನಿಲ್ಲಿಸಿಕೊಂಡೆ, ಬೈಯಬೇಡಿ. ಅದನ್ನೇ ಹಾಸಿಕೊಳ್ಳಿ. ಬೇರೆಯವರಿಗೆ ಕೊಟ್ಟುಬಿಟ್ಟೀರಿ, ನಿಮ್ಮ ದಾನಶೂರತನ ನನಗೆ ಗೊತ್ತು.

ಅಂಗಡಿ ಬಿಟ್ಟು ಬರಲು ಆಗುತ್ತಿಲ್ಲ. ಮದುವೆಯ ಕಾಲ.

ರೋಜಾ


ಬೀರಪ್ಪನ ಗುಡಿ
22 ಜುಲೈ 2024

ರೋಜಾ,

ಕಂಬಳಿ ಬಂತು. ಅದರ ಮೇಲೆ ಮಲಗಿ ತಿಂಗಳಾಯಿತು. ಬೆನ್ನಿನ ನೋವು ಹೋಗಿದೆ. ಇದನ್ನು ನಾನು ನಿನಗೆ ಸಮಾಧಾನ ಹೇಳಲು ಬರೆಯುತ್ತಿಲ್ಲ, ನಿಜವಾಗಿಯೂ ಹೋಗಿದೆ. ಕೊಡ ಎತ್ತುತ್ತೇನೆ, ಬಗ್ಗಿ ಕಟ್ಟೆ ಸಾರಿಸುತ್ತೇನೆ.

ಹೋದ ಸೋಮವಾರ ಪೂಜೆ ಮುಗಿದ ಮೇಲೆ ಮುರುಗೇಶಪ್ಪನವರು ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿ, “ನೋಡ್ರಲೇ, ಮೂರು ತಿಂಗ್ಳ ಹಿಂದೆ ಈ ಮನುಷ್ಯ ಡೊಂಕಾಗಿ ನಡೀತಿದ್ದ. ಈಗ ನೋಡ್ರಿ, ನೆಟ್ಟಗೆ ನಿಂತವ್ನೆ. ಸ್ವಾಮಿ ಒಪ್ಕಂಡವ್ನೆ ಅನ್ನಾಕೆ ಇನ್ನೇನು ಗುರ್ತು ಬೇಕು?” ಎಂದರು. ಹೆಂಗಸರು ಕೈಮುಗಿದರು. ಡೊಳ್ಳಿನವರು ಒಂದು ಸುತ್ತು ಬಾರಿಸಿದರು.

ನಾನು ಏನೂ ಮಾತಾಡಲಿಲ್ಲ. ತಲೆ ಬಗ್ಗಿಸಿ ನಿಂತಿದ್ದೆ.

ಹಾಲಸ್ವಾಮಿ


ಹೊಳಲ್ಕೆರೆ
9 ಆಗಸ್ಟ್ 2024

ರೀ,

ನೋವು ಹೋಗಿದ್ದು ಕೇಳಿ ಸಂತೋಷ. ಇಲ್ಲಿ ಎಲ್ಲ ಸರಿಯಾಗಿದೆ. ಮಗಳು ಬಂದು ನಾಲ್ಕು ದಿನ ಇದ್ದು ಹೋದಳು.

ಆ ಕಂಬಳಿಯನ್ನು ನೀರಿಗೆ ಹಾಕಬೇಡಿ. ಒಗೆಯಲೇಬೇಡಿ. ಮಳೆಯಲ್ಲಿ ನೆನೆಯದ ಹಾಗೆ ನೋಡಿಕೊಳ್ಳಿ.

ಬೇರೆ ಏನೂ ವಿಶೇಷ ಇಲ್ಲ.

ರೋಜಾ


ಬೀರಪ್ಪನ ಗುಡಿ
18 ನವೆಂಬರ್ 2024

ರೋಜಾ,

ಮೂರು ತಿಂಗಳಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ನಡುವೆ ಎರಡು ಕಾಗದ ಹಾಕಿದೆ. ಅಂಗಡಿಯ ಗಲಾಟೆ ಎಂದುಕೊಂಡೆ. ಆಮೇಲೆ, ನನ್ನ ಮೇಲೆ ನಿನ್ನ ಮನಸ್ಸು ಆರಿಹೋಯಿತೇನೋ ಅನ್ನಿಸಿತು. ಒಂದು ಸೋಮವಾರವೂ ನೀನು ಇತ್ತ ಬರಲಿಲ್ಲ. ಮನೆ, ಅಂಗಡಿ, ಫ್ಯಾನಿನ ಗಾಳಿ ಬಿಟ್ಟು ಈ ಬಿಸಿಲಿಗೆ ಬಾ ಎಂದು ಬಲವಂತ ಮಾಡಲು ನನಗೂ ಬಾಯಿ ಬರುವುದಿಲ್ಲ. ನಿನಗೆ ಒಗ್ಗುವುದಿಲ್ಲ ಎಂದು ಗೊತ್ತು.

ಇಲ್ಲಿ ಒಂದು ಹೊಸ ಸಂಗತಿ ಶುರುವಾಗಿದೆ. ಹೋದ ತಿಂಗಳು ಓಬಕ್ಕ ಎಂಬ ಮುದುಕಿ ಸೊಂಟ ಹಿಡಿದುಕೊಂಡು ಬಂದು, “ನಿನ್ ಕಂಬ್ಳಿ ಮ್ಯಾಲೆ ಒಂದ್ ಗಳಿಗೆ ಒರಗ್ತೀನಿ ಕಣಪ್ಪ, ಬ್ಯಾಡ ಅನ್ಬ್ಯಾಡ” ಎಂದಳು. ಬೇಡ ಎನ್ನಲು ಆಗಲಿಲ್ಲ. ಮಧ್ಯಾಹ್ನವೆಲ್ಲ ಮಲಗಿ ಎದ್ದು, “ಹಗುರಾತು ನನ್ನಪ್ಪಾ” ಎಂದು ಅಡ್ಡಬಿದ್ದಳು. ಅದು ಊರೂರಿಗೆ ಹಬ್ಬಿದೆ. ಈಗ ಸೋಮವಾರ ಬಂದರೆ ಗಡಿಯಾಚೆಯ ಹಳ್ಳಿಗಳಿಂದಲೂ ಬರುತ್ತಾರೆ, ತೆಲುಗಿನಲ್ಲಿ ಕೇಳಿಕೊಳ್ಳುತ್ತಾರೆ. ಸಾಲಾಗಿ ಕೂತು, ಒಬ್ಬರಾದ ಮೇಲೆ ಒಬ್ಬರು ಕಂಬಳಿಯ ಮೇಲೆ ಬೆನ್ನು ಚಾಚಿ ಏಳುತ್ತಾರೆ. ನನ್ನ ಕಾಲಿಗೂ ಬೀಳುತ್ತಾರೆ.

ಶಿವರಾತ್ರಿಗೆ ಬೆತ್ತ ಕೊಡುವುದು ಖಾಯಂ ಎಂದು ಹಿರಿಯರು ಹೇಳಿದ್ದಾರೆ. ಆ ದಿನ ಹೆಂಡತಿ ಪಕ್ಕದಲ್ಲಿ ನಿಂತು ಒಪ್ಪಿಗೆ ಹೇಳಬೇಕು. ಅದಕ್ಕಾದರೂ ಬಾ.

ಹಾಲಸ್ವಾಮಿ


ಹೊಳಲ್ಕೆರೆ
4 ಡಿಸೆಂಬರ್ 2024

ರೀ,

ಇದನ್ನು ನಿಂತುಕೊಂಡೇ ಓದಬೇಡಿ. ಕೂತು ಓದಿ.

ಆ ಕಂಬಳಿಯ ಒಳಗೆ ಹತ್ತಿ ಇದೆ. ಎರಡು ಕಂಬಳಿಗಳ ನಡುವೆ ಒಂದು ಬೆರಳಿನಷ್ಟು ದಪ್ಪಕ್ಕೆ ಹತ್ತಿ ಹರಡಿ, ಮೇಲೆ ಗೊತ್ತಾಗದ ಹಾಗೆ ಕಪ್ಪು ನೂಲಿನಲ್ಲಿ ಹೊಲಿದು ಕಳಿಸಿದೆ. ನೀವು ಜೂನ್ ತಿಂಗಳಿನಿಂದ ಮಲಗುತ್ತಿರುವುದು ಹಾಸಿಗೆಯ ಮೇಲೆ. ನೋವು ಹೋಗಿದ್ದು ಅದರಿಂದ. ಓಬಕ್ಕನಿಗೆ ಹಗುರಾಗಿದ್ದೂ ಅದರಿಂದಲೇ.

ಅಕ್ಕನಿಗೆ ಇದೇನೂ ಗೊತ್ತಿಲ್ಲ. ಅವರು ಹಗಲು ಮಲಗಿದ್ದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹೊಲಿದೆ. ಆಗ ನನಗೆ ಪಾಪ ಅನ್ನಿಸಲೇ ಇಲ್ಲ. ಬೀರಪ್ಪನಿಗೆ ಒಂದು ಮೋಸ ಮಾಡಿದೆ, ನನ್ನ ಗಂಡನ ಬೆನ್ನು ಉಳಿಸಿಕೊಂಡೆ ಎಂದು ಒಳಗೊಳಗೇ ನಕ್ಕಿದ್ದೆ ಕೂಡ. ಸ್ವಾಮಿ ಗುಣ ಮಾಡಿದ ಎಂದು ನೀವು ಬರೆದ ದಿನ ನನ್ನ ನಗು ನಿಂತಿತು. ಆಮೇಲೆ ಪೆನ್ನು ಹಿಡಿದರೆ ಬರೀ ಇದೇ ಬರುತ್ತಿತ್ತು, ಅದಕ್ಕೇ ಬರೆಯಲಿಲ್ಲ. ಮನಸ್ಸು ಆರಿಹೋಗಿದೆ ಎಂದಿರಲ್ಲ, ಅದನ್ನು ಓದಿ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಕಾಗದವನ್ನು ಹರಿಯಲು ಹೋಗಿದ್ದೆ.

ಸುಮ್ಮನಿದ್ದರೆ ನೀವು ಸುಳ್ಳು ಗುರುತನ್ನು ನಂಬಿ ಬೆತ್ತ ಹಿಡಿಯುತ್ತೀರಿ, ಸಾಯುವ ತನಕ ಅಲ್ಲಿಯೇ. ಹೇಳಿದರೆ ನಿಮ್ಮನ್ನು ಊರ ಮುಂದೆ ನಾನೇ ಕೆಡವಿದ ಹಾಗೆ. ಗಂಡನನ್ನು ಮನೆಗೆ ಎಳೆದುಕೊಳ್ಳಲು ಇವಳೇ ಹೂಡಿದ ಆಟ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನೋವಿನವರು ನಿಮ್ಮ ಕಾಲಿಗೆ ಬೀಳುತ್ತಿದ್ದಾರೆ ಎಂದು ಓದಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ತಪ್ಪು ನನ್ನದು. ನೀವು ತಿಳಿದು ಮಾಡಿದ್ದಲ್ಲ. ಹಿರಿಯರಿಗೆ ಹಾಗೆಯೇ ಹೇಳಿ. ಬೇಕಾದರೆ ಈ ಕಾಗದವನ್ನೇ ಓದಿಸಿ.

ರೋಜಾ


ಹೊಳಲ್ಕೆರೆ
6 ಜನವರಿ 2025

ರೀ,

ತಿಂಗಳ ಮೇಲಾಯಿತು. ಬೈದಾದರೂ ಒಂದು ಸಾಲು ಬರೆಯಿರಿ. ಅಂಚೆಯವನ ಸೈಕಲ್ಲು ಅಂಗಡಿ ದಾಟಿ ಹೋಗುವುದನ್ನು ದಿನಾ ನೋಡುತ್ತಿದ್ದೇನೆ.

ರೋಜಾ


ಬೀರಪ್ಪನ ಗುಡಿ
21 ಜನವರಿ 2025

ರೋಜಾ,

ನಿನ್ನ ಕಾಗದ ಬಂದ ದಿನವೇ ಉತ್ತರ ಬರೆಯಬೇಕಿತ್ತು. ಬರೆಯಲು ಮುಖ ಇರಲಿಲ್ಲ.

ತಪ್ಪು ನಿನ್ನದು ಎಂದು ಬರೆದಿದ್ದೀಯ. ರೋಜಾ, ಆ ಕಂಬಳಿ ಬಿಚ್ಚಿ ಹಾಸಿದ ಮೊದಲ ದಿನವೇ ನನಗೆ ಗೊತ್ತಾಗಿತ್ತು. ಅಂಗೈ ಇಟ್ಟ ಕೂಡಲೇ ಗೊತ್ತಾಯಿತು. ಬೂರುಗದ ಹತ್ತಿ, ಎರಡು ಸಲ ಹಿಂಜಿದ್ದು, ಅಂಚಿಗೆ ಓರೆ ಹೊಲಿಗೆ. ಆ ಹೊಲಿಗೆಯನ್ನು ನಿನಗೆ ಕಲಿಸಿದವನೇ ನಾನು. ಇಪ್ಪತ್ತೆರಡು ವರ್ಷ ಹಾಸಿಗೆ ಮಾರಿದವನಿಗೆ ಹಾಸಿಗೆ ಗೊತ್ತಾಗುವುದಿಲ್ಲವೆ? ನೀನಾದರೂ ಹೇಗೆ ನಂಬಿದೆ?

ನಾಳೆ ಬಿಚ್ಚಿ ತೆಗೆದರಾಯಿತು ಎಂದು ಆ ದಿನ ಮಲಗಿದೆ. ಮೂರು ತಿಂಗಳಿನಿಂದ ನಿದ್ದೆ ಇರಲಿಲ್ಲ, ಮಗುವಿನ ಹಾಗೆ ನಿದ್ದೆ ಬಂತು. ಮಾರನೆಯ ದಿನವೂ ನಾಳೆ ಎಂದೆ. ಹೆಂಡತಿ ಹೊಲಿದು ಕಳಿಸಿದ್ದು, ನನಗೆ ಗೊತ್ತಿಲ್ಲದ ಹಾಗೆ ಇರಲಿ ಎಂದು ಅವಳೇ ಬಯಸಿದ್ದಾಳೆ, ಗೊತ್ತಿಲ್ಲದಿದ್ದರೆ ತಪ್ಪಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮುರುಗೇಶಪ್ಪನವರು ಎಲ್ಲರ ಮುಂದೆ ನಿಲ್ಲಿಸಿದಾಗ ತಲೆ ಬಗ್ಗಿಸಿದ್ದು ಭಕ್ತಿಯಿಂದಲ್ಲ. ನಿನಗೆ ಬರೆದ ಕಾಗದದಲ್ಲಿಯೂ ಅದನ್ನು ಮುಚ್ಚಿದೆ. ಆಮೇಲೆ ಜನ ಬಂದು ಮಲಗತೊಡಗಿದರು. ಬೆಳಿಗ್ಗೆ ಸ್ವಾಮಿಗೆ ನೀರು ಎರೆಯುವಾಗ ನಿಲ್ಲುತ್ತಿದ್ದ ಮನಸ್ಸು ಆಗಸ್ಟ್ ತಿಂಗಳಿನಿಂದ ಒಂದು ದಿನವೂ ನಿಲ್ಲಲಿಲ್ಲ. ಬೆನ್ನು ನೆಟ್ಟಗಾಗಿ ಅದು ಹೋಯಿತು. ಅದನ್ನು ಯಾರಿಗೆ ಹೇಳಲಿ?

ನಿನ್ನ ಕಾಗದ ಬಂದ ಮೇಲೂ ನಾಲ್ಕು ವಾರ ಸುಮ್ಮನಿದ್ದೆ. ನೋಡು, ಎಂಥವನು ನಾನು. ಬನದ ಹುಣ್ಣಿಮೆ ಸೋಮವಾರ ಬಂತು. ಕಂಬಳಿಯ ಮುಂದೆ ಜನ ಸಾಲು ಕೂತಿದ್ದರು. ಒಂದು ಹೆಣ್ಣುಮಗಳು ನಡೆಯಲಾಗದ ಮಗುವನ್ನು ಎತ್ತಿಕೊಂಡು ಬಂದು, “ಇವ್ಳನ್ನ ಒಸಿ ಮಲಗಿಸ್ಕಳ್ರಿ” ಎಂದು ಕೈಚಾಚಿದಳು. ನನಗೆ ಇನ್ನು ತಡೆಯಲಾಗಲಿಲ್ಲ. ಕುಡುಗೋಲು ತಂದು ಎಲ್ಲರ ಎದುರಿಗೆ ಹೊಲಿಗೆ ಕುಯ್ದೆ. ಹತ್ತಿ ಹೊರಗೆ ಬಂತು. ನನಗೆ ಮೊದಲ ದಿನದಿಂದ ಗೊತ್ತಿತ್ತು ಎಂದು ಬಾಯಿಬಿಟ್ಟು ಹೇಳಿದೆ. ನಿನ್ನ ಕಾಗದವನ್ನು ಯಾರಿಗೂ ತೋರಿಸಲಿಲ್ಲ.

ಆ ಹೆಣ್ಣುಮಗಳು ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಹೊರಟುಹೋದಳು. ಓಬಕ್ಕ ಮಾತ್ರ, “ಹತ್ತಿ ಆದ್ರೇನು, ನಂಗೆ ಹಗುರಾಗಿದ್ದು ಸುಳ್ಳಾ?” ಎಂದು ಜಗಳಕ್ಕೆ ನಿಂತಳು. ಅತ್ತಿಗೆ ಹತ್ತಿಯನ್ನೆಲ್ಲ ಸೆರಗಿಗೆ ತುಂಬಿಕೊಂಡರು, ಒಳ್ಳೆಯ ಹತ್ತಿ, ಯಾಕೆ ಬಿಸಾಡಬೇಕು ಎಂದು.

ಮುರುಗೇಶಪ್ಪನವರು ಹೇಳಿದ್ದನ್ನು ಇದ್ದಂತೆ ಬರೆಯುತ್ತೇನೆ. “ನೋವಿದ್ರೆ ಹೇಳಬೇಕಿತ್ತಪ್ಪ. ಸ್ವಾಮಿ ಏನ್ ಕಟುಕನಾ? ನಿಮ್ಮಣ್ಣನೂ ಕೊನೇ ಆರು ವರ್ಷ ಕಂಬ್ಳಿ ಕೆಳಗೆ ರಾಗಿಹುಲ್ಲು ಹಾಸ್ಕಂಡೇ ಮಲಗ್ತಿದ್ದ. ಅದಕ್ಕೆ ಕಟ್ಟಳೆ ಐತೆ. ಕೇಳಿದ್ರೆ ನಾವೇ ತಂದು ಹಾಸ್ತಿದ್ವಿ. ಹತ್ತಿ ಮ್ಯಾಲೆ ಮಲಗಿದ್ದು ದೊಡ್ಡದಲ್ಲ. ಸ್ವಾಮಿ ಮಾಡ್ದೆ ಇರೋದನ್ನ ಸ್ವಾಮಿ ಮಾಡ್ದ ಅಂತ ಜನ ಅಂದಾಗ ಸುಮ್ನಿದ್ದೆ ನೋಡು, ಅದು ದೊಡ್ಡದು.”

ನಾನು ಯಾರನ್ನೂ ಒಂದು ಮಾತು ಕೇಳಿರಲಿಲ್ಲ. ನೋವು ಹೇಳಿದರೆ ಪೇಟೆಯವನು ಸೋತ ಎಂದಾರು ಎಂಬ ಜಂಬ. ಅಷ್ಟೇ.

ಹಿರಿಯರ ತೀರ್ಮಾನ ಹೀಗೆ. ಈ ವರ್ಷ ಲೆಕ್ಕಕ್ಕಿಲ್ಲ. ಬೇಕಿದ್ದರೆ ಮನೆಗೆ ಹೋಗಬಹುದು, ಯಾರೂ ಕೀಳಾಗಿ ಕಾಣುವುದಿಲ್ಲ, ಹೂವು ಬೇರೆಯವರ ಹೆಸರಿಗೆ ಕೇಳುತ್ತಾರೆ. ಇಲ್ಲವೆ, ಬರುವ ಶಿವರಾತ್ರಿಯಿಂದ ಮೊದಲಿನಿಂದ ವರ್ಷ ಶುರುಮಾಡಬೇಕು.

ನನಗೆ ತಿಳಿಯುತ್ತಿಲ್ಲ. ನೀನೇ ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಹಾಲಸ್ವಾಮಿ


ಹೊಳಲ್ಕೆರೆ
30 ಜನವರಿ 2025

ರೀ,

ಮೊದಲು ಜಗಳ ಮುಗಿಸುತ್ತೇನೆ. ಗೊತ್ತಿತ್ತಂತೆ! ನಾನು ಇಲ್ಲಿ ನಾಲ್ಕು ತಿಂಗಳು ಅನ್ನ ಬಿಟ್ಟು ಪಾಪ ಪಾಪ ಎಂದು ಕೊರಗಿದೆ, ನೀವು ಅಲ್ಲಿ ಗೊರಕೆ ಹೊಡೆದಿರಿ. ಎದುರಿಗಿದ್ದಿದ್ದರೆ ಸೌಟು ತೆಗೆದುಕೊಳ್ಳುತ್ತಿದ್ದೆ. ಆದರೂ ಆ ನಾಲ್ಕು ತಿಂಗಳು ನಿಮಗೆ ನಿದ್ದೆ ಬಂತಲ್ಲ ಎಂದು ಓದಿದಾಗ ಕಣ್ಣಲ್ಲಿ ನೀರು ಬಂತು. ನನ್ನ ಬುದ್ಧಿಯೇ ಇಷ್ಟು.

ಈಗ ನೀವು ಕೇಳಿದ್ದಕ್ಕೆ. ನಾನು ಹೇಳುವುದಿಲ್ಲ.

ಬನ್ನಿ ಎಂದರೆ, ಹೆಂಡತಿ ಕರೆದಳು ಎಂದು ಬರುತ್ತೀರಿ. ಆಮೇಲೆ ಬೆಳಿಗ್ಗೆ ಸ್ನಾನ ಮಾಡುವಾಗಲೆಲ್ಲ ಕೈಯಲ್ಲಿ ತಂಬಿಗೆ ಹಿಡಿದು ನಿಂತುಬಿಡುತ್ತೀರಿ, ನಾನು ಬಚ್ಚಲ ಹೊರಗೆ ನಿಂತು ಅದನ್ನು ನೋಡಬೇಕು. ಇರಿ ಎಂದರೆ, ಹೆಂಡತಿ ಒಪ್ಪಿದಳು ಎಂದು ಹಗುರಾಗಿ ಇರುತ್ತೀರಿ. ಹೋದ ವರ್ಷ ಹಾಗೆಯೇ ಆಯಿತು. “ಹೋಗ್ರಿ” ಎಂದು ನಾನು ಸಲೀಸಾಗಿ ಹೇಳಿದೆ ಎಂದು ಬರೆದಿರಲ್ಲ, ನೀವು ನನ್ನ ಮುಖ ನೋಡಿರಲಿಲ್ಲ. ಒಲೆಯ ಕಡೆ ತಿರುಗಿಕೊಂಡು ಹೇಳಿದ್ದೆ. ಎರಡನೆಯ ಸಲ ಕೇಳುತ್ತೀರಿ ಎಂದು ಕಾದೆ, ನೀವು ಕೇಳಲಿಲ್ಲ.

ಒಂದು ವರ್ಷ ನಾನು ಅಲ್ಲಿಗೆ ಬರದೇ ಇದ್ದದ್ದು ಫ್ಯಾನಿನ ಗಾಳಿ ಬಿಡಲಾರದೆ ಅಲ್ಲ. ಬಂದರೆ ಎಲ್ಲರ ಮುಂದೆ ನಿಮ್ಮ ಕೈ ಹಿಡಿದು ಎಳೆದುಕೊಂಡು ಬಸ್ಸು ಹತ್ತಿಸಿಬಿಡುತ್ತೇನೆ ಎಂಬ ಭಯ. ಮನೆಯಲ್ಲಿ ನಿಮ್ಮ ಮಂಚವನ್ನು ಇವತ್ತಿನ ತನಕ ಯಾರಿಗೂ ಕೊಟ್ಟಿಲ್ಲ. ಮಗಳು ಬಂದರೂ ಕೆಳಗೇ ಮಲಗುತ್ತಾಳೆ.

ಆದ್ದರಿಂದ ತೀರ್ಮಾನ ನೀವೇ ಮಾಡಿ. ಆದರೆ ಒಂದು ವಿಷಯ ಗೊತ್ತಿದ್ದು ಮಾಡಿ. ನನಗೆ ನೀವು ಮನೆಗೆ ಬರಬೇಕು. ಬೇರೆ ಏನೂ ಬೇಡ. ಬೆಳಿಗ್ಗೆ ಎದ್ದರೆ ನಿಮ್ಮ ಮುಖ ಕಾಣಬೇಕು, ಊಟಕ್ಕೆ ಎರಡು ತಟ್ಟೆ ಹಾಕಬೇಕು. ನಲವತ್ತಾರು ವರ್ಷದ ಹೆಂಗಸು ಹೀಗೆ ಬರೆಯಬಾರದೇನೋ, ಬರೆದಿದ್ದೇನೆ.

ಇನ್ನು ನಿಮಗೆ ಬಿಟ್ಟಿದ್ದು.

ರೋಜಾ


ಬೀರಪ್ಪನ ಗುಡಿ
27 ಫೆಬ್ರವರಿ 2025

ರೋಜಾ,

ನಿನ್ನೆ ಶಿವರಾತ್ರಿ. ಇವತ್ತು ನನ್ನ ವರ್ಷದ ಎರಡನೆಯ ದಿನ.

ಹೌದು, ಉಳಿದುಕೊಂಡೆ. ಇದನ್ನು ಸುತ್ತಿ ಬಳಸಿ ಬರೆದರೆ ನಿನ್ನ ಕಾಗದಕ್ಕೆ ಮರ್ಯಾದೆ ಕೊಟ್ಟಂತಾಗುವುದಿಲ್ಲ.

ಬಸ್ಸು ಹತ್ತಲು ಒಂದು ಸಲ ಹೊರಟಿದ್ದೆ. ಹನ್ನೊಂದನೆಯ ತಾರೀಕು, ಧರ್ಮಪುರದ ತನಕ ನಡೆದುಹೋದೆ. ಹಿರಿಯೂರಿನ ಬಸ್ಸು ನಿಂತಿತ್ತು. ಕಂಡಕ್ಟರು “ಬರ್ರಿ, ಕುಂತ್ಕಳ್ರಿ, ಬಿಡ್ತೀವಿ” ಎಂದ. ಹತ್ತಿ ಕೂತೆ ಕೂಡ. ಮನೆಯ ಬಾಗಿಲು, ನೀನು, ಎಲ್ಲ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಬೆಳಿಗ್ಗೆ ಸ್ವಾಮಿಗೆ ನೀರು ಎರೆಯುವವರು ಯಾರು ಎಂಬುದೂ ಬಂತು. ಎರಡೂ ಮನಸ್ಸಿನಿಂದ ಹೋಗಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಇಳಿದೆ. ಇಳಿದು ಅತ್ತೆ. ದಾರಿಯುದ್ದಕ್ಕೂ ಅತ್ತೆ.

ಹೋದ ವರ್ಷ ನಾನು ಮಂಚ ಬಿಟ್ಟೆ, ಚಪ್ಪಲಿ ಬಿಟ್ಟೆ, ಫೋನು ಬಿಟ್ಟೆ, ಅಂಗಡಿ ಬಿಟ್ಟೆ ಎಂದು ಎಣಿಸಿಕೊಳ್ಳುತ್ತಿದ್ದೆ. ಅವೆಲ್ಲ ಇಲ್ಲದೆ ಬದುಕುವುದು ಯಾವ ಮನುಷ್ಯನಿಗೂ ರೂಢಿಯಾಗುತ್ತದೆ. ನಿನಗೆ ನಾನು ಎಷ್ಟು ಬೇಕು ಎಂಬುದು ಆಗ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಬಿಟ್ಟಿದ್ದೆ. ಈಗ ಓದಿ, ತಿಳಿದೂ ತಿಳಿದೂ ಅದನ್ನು ಬಿಟ್ಟಿದ್ದೇನೆ. ಸ್ವಾಮಿಗೆ ನಾನು ನಿಜವಾಗಿ ಕೊಟ್ಟದ್ದು ಇದೊಂದೇ, ಅದೂ ನನ್ನದೊಬ್ಬನದಲ್ಲ, ಅರ್ಧ ನಿನ್ನದು. ನಿನ್ನನ್ನು ಕೇಳದೆ ಕೊಟ್ಟಿದ್ದೇನೆ. ಅದಕ್ಕೆ ನಿನ್ನ ಕ್ಷಮೆ ಕೇಳುವ ಧೈರ್ಯ ಇಲ್ಲ.

ಮುರುಗೇಶಪ್ಪನವರು ರಾಗಿಹುಲ್ಲು ಹಾಸಿಕೊಟ್ಟಿದ್ದಾರೆ. ಬೆನ್ನು ನೋಯುತ್ತದೆ, ತಡೆಯುವಷ್ಟು. ನೋವು ಹೆಚ್ಚಾದರೆ ಇವರಿಗೂ ಹೇಳುತ್ತೇನೆ, ನಿನಗೂ ಬರೆಯುತ್ತೇನೆ.

ಇವತ್ತು ಬೆಳಿಗ್ಗೆ ನೀರು ಎರೆಯುವಾಗ ಮನಸ್ಸು ನಿಲ್ಲಲಿಲ್ಲ. ನಿನ್ನಲ್ಲೇ ಇತ್ತು. ಆದರೂ ಎರೆದೆ.

ಹಾಲಸ್ವಾಮಿ


ಹೊಳಲ್ಕೆರೆ
5 ಮಾರ್ಚ್ 2025

ರೀ,

ನಿಮ್ಮ ಕಾಗದ ಬಂದಾಗ ಅಂಗಡಿಯಲ್ಲಿ ಬಿ.ದುರ್ಗದ ಕಡೆಯ ಒಬ್ಬರು ಮಗಳ ಮದುವೆಗೆ ಹಾಸಿಗೆ ನೋಡುತ್ತಿದ್ದರು. ಅವರ ಎದುರಿಗೇ ಓದಿದೆ, ಅವರ ಎದುರಿಗೇ ಅತ್ತೆ. ಪಾಪ, ಅವರು ಗಾಬರಿಯಾಗಿ, “ಏನಾತಮ್ಮ, ಯಾರಾದ್ರೂ ತೀರ್ಕಂಡ್ರಾ?” ಎಂದರು. ಇಲ್ಲ, ಬದುಕಿದ್ದಾರೆ ಎಂದೆ. ಆಮೇಲೆ ಕಣ್ಣು ಒರೆಸಿಕೊಂಡು ಒಳ್ಳೆಯ ಹಾಸಿಗೆಯನ್ನೇ ತೋರಿಸಿದೆ, ತೆಗೆದುಕೊಂಡು ಹೋದರು.

ನಿಮ್ಮನ್ನು ಹರಸುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಬೀರಪ್ಪನ ಮೇಲೆ ಸಿಟ್ಟಿದೆ, ನಿಮ್ಮ ಮೇಲೂ ಇದೆ. ಇಷ್ಟು ಬೇಗ ಹೋಗುವ ಸಿಟ್ಟಲ್ಲ ಇದು. ನೀವು ಬಸ್ಸಿನಿಂದ ಇಳಿದದ್ದನ್ನು ಬರೆಯದೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು, ಆಮೇಲೆ ಬರೆದದ್ದೇ ಒಳ್ಳೆಯದಾಯಿತು ಅನ್ನಿಸಿತು. ಹತ್ತಿ ಕೂತಿದ್ದಿರಲ್ಲ.

ಅಂಗಡಿ ಮುಚ್ಚುವುದಿಲ್ಲ. ಮನೆ ಬಿಟ್ಟು ಅಲ್ಲಿಗೆ ಬಂದು ಇರುವುದೂ ಇಲ್ಲ. ನೀವು ಬಿಟ್ಟಿದ್ದೀರಿ ಎಂದು ನಾನೂ ಬಿಡಬೇಕಾಗಿಲ್ಲ. ಆದರೆ ಬರುವ ಸೋಮವಾರ ಬರುತ್ತೇನೆ. ಚಿತ್ರದುರ್ಗದಲ್ಲಿ ಒಂದು, ಹಿರಿಯೂರಿನಲ್ಲಿ ಒಂದು ಬಸ್ಸು ಬದಲಿಸಬೇಕು, ಮಧ್ಯಾಹ್ನದ ಹೊತ್ತಿಗೆ ತಲುಪುತ್ತೇನೆ. ಕೈ ಹಿಡಿದು ಎಳೆಯುವುದಿಲ್ಲ, ಹೆದರಬೇಡಿ. ಪೂಜಾರಿಯ ಹೆಂಡತಿ ಎಂದು ಯಾರೂ ಮುಂದೆ ಕರೆಯುವುದು ಬೇಡ. ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತೇನೆ.

ನನ್ನ ಸರದಿ ಬಂದಾಗ ಹಣೆಗೆ ಅರಿಶಿನದ ಭಂಡಾರ ಹಚ್ಚುತ್ತೀರಲ್ಲ, ಆಗ ಬೆರಳನ್ನು ಉಳಿದವರಿಗಿಂತ ಒಂದು ಗಳಿಗೆ ಹೆಚ್ಚು ಇಡಿ. ಅಷ್ಟನ್ನು ಸ್ವಾಮಿಯೂ ಬಿಟ್ಟುಕೊಡಲಿ.

ರೋಜಾ